ಎರಡನೇ ಶನಿವಾರ

ನಮ್ಮ ಕಡೆ ಬಸ್ ನಿಲ್ದಾಣದಲ್ಲಿ ಗುರುತಿನವರು ಎದುರಾದರೆ ಮೂರು ಮಾತು ತಪ್ಪದೆ ಕೇಳುತ್ತಾರೆ. ‘ಆರಾಮ ಇದ್ದೀರೇನ್ರಿ?’ ‘ಎಲ್ಲಿಗಿ ಹೊಂಟೀರಿ?’ ‘ಏನು ಕೆಲಸ ಇತ್ತು?’ ಮೊದಲಿನ ಎರಡಕ್ಕೆ ಹೇಗೆ ಉತ್ತರ ಕೊಟ್ಟರೂ ನಡೆಯುತ್ತದೆ. ಮೂರನೆಯದಕ್ಕೆ ಮಾತ್ರ ಗಟ್ಟಿ ಕಾರಣ ಬೇಕು. ಮದುವೆಯಾಗಿ ಅಂದೋಲಾಕ್ಕೆ ಬಂದ 23 ವರ್ಷಗಳಲ್ಲಿ ನನ್ನ ಬಳಿ ಆ ಕಾರಣ ಇಲ್ಲದ ದಿನವೇ ಇರಲಿಲ್ಲ. ಕಲಬುರಗಿಗೆ ದವಾಖಾನೆಗೆ. ಅಫಜಲಪುರಕ್ಕೆ ಲಗ್ನಕ್ಕೆ. ಶಹಾಪುರಕ್ಕೆ ಮಣ್ಣಿಗೆ. ಗಾಣಗಾಪುರಕ್ಕೆ, ಘತ್ತರಗಿ ಭಾಗಮ್ಮನಿಗೆ, ತುಳಜಾಪುರಕ್ಕೆ ಹರಕೆ ತೀರಿಸಲು. ಮಗಳನ್ನು ಕಾಲೇಜಿಗೆ ಹಚ್ಚಲು. ದೇವರು, ದವಾಖಾನೆ, ಲಗ್ನ, ಸಾವು, ಮಗಳ ಓದು ಇವು ಐದನ್ನು ಬಿಟ್ಟು ಆರನೆಯ ಕಾರಣಕ್ಕೆ ನಾವಿಬ್ಬರೂ ಊರು ಬಿಟ್ಟಿದ್ದು ನೆನಪಿಗೆ ಬರುವುದಿಲ್ಲ.

ಬರುವ ಡಿಸೆಂಬರಿನ ಎರಡನೇ ಶನಿವಾರ ಮತ್ತು ಅದರ ಮರುದಿನ ನಾನೂ ನಮ್ಮ ಮನೆಯವರೂ ಹೈದರಾಬಾದಿಗೆ ಹೋಗುತ್ತಿದ್ದೇವೆ. ಕೆಲಸ ಏನೂ ಇಲ್ಲ.

ಇದು ಶುರುವಾದದ್ದು ಒಂದು ಫೋಟೋದಿಂದ. ಬೆಂಗಳೂರಿನಲ್ಲಿ ಓದುವ ಮಗಳು ಸೆಪ್ಟೆಂಬರಿನಲ್ಲಿ ಫೋನ್ ಮಾಡಿ, ‘ಅವ್ವಾ, ನಿಂದು ಅಪ್ಪಂದು ಇಬ್ಬರದೇ ಒಂದು ಫೋಟೋ ಕಳಸು, ರೂಮಿನಾಗ ಹಚ್ಕೋತೀನಿ’ ಅಂದಳು. ಮೊಬೈಲ್ ತಿರುವಿದೆ, ಅಲಮಾರಿಯಲ್ಲಿದ್ದ ಆಲ್ಬಂ ತೆಗೆದೆ. ನಾವಿಬ್ಬರೂ ಇರುವ ಫೋಟೋಗಳು ಬೇಕಾದಷ್ಟಿದ್ದವು. ಎಲ್ಲವೂ ಲಗ್ನದ ಸ್ಟೇಜಿನ ಮೇಲೆ ತೆಗೆದವು. ಮದುಮಗನ ಪಕ್ಕಕ್ಕೆ ಇವರು, ಮದುಮಗಳ ಪಕ್ಕಕ್ಕೆ ನಾನು, ನಡುವೆ ಯಾರದೋ ಅಕ್ಕಿಕಾಳು ಬಿದ್ದ ಬಾಸಿಂಗಗಳು. ನಮ್ಮದೇ ಲಗ್ನದ ಆಲ್ಬಮ್ಮಿನ ಮೊದಲ ಪುಟ ಬಿಟ್ಟರೆ ನಮ್ಮಿಬ್ಬರ ನಡುವೆ ಮತ್ತೊಬ್ಬರು ನಿಲ್ಲದ ಚಿತ್ರ ಒಂದೂ ಸಿಗಲಿಲ್ಲ. ಆ ಮೊದಲ ಪುಟದ ಫೋಟೋವನ್ನೇ ಮಗಳಿಗೆ ಕಳಿಸಿದೆ. ಅವಳಿಗೆ ಅದು ಸಾಕಾಯಿತು. ನನಗೆ ಸಾಕಾಗಲಿಲ್ಲ.

ಆವತ್ತು ರಾತ್ರಿ ಇವರು ಅಂಗಳದಲ್ಲಿ ಸ್ಪ್ರೇ ಪಂಪು ತೊಳೆಯುತ್ತ ಕುಳಿತಿದ್ದರು. ‘ಎಲ್ಲಿಗ್ಯಾರ ಎರಡು ದಿನ ಹೋಗಿ ಬರಮು ನಡೀರಿ. ನಾವಿಬ್ಬರೇ’ ಅಂದೆ. ‘ಯಾಕ’ ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಕೇಳಲಿಲ್ಲ. ನಳಿಕೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದರು, ಮತ್ತೊಮ್ಮೆ ನೀರು ಹಾಯಿಸಿದರು. ‘ಎರಡನೇ ಸಲ ಎಣ್ಣಿ ಹೊಡದ ಮ್ಯಾಲ ಹೋಗಮು’ ಅಂದರು. ಒಕ್ಕಲುತನದ ಮನೆಯಲ್ಲಿ ಇದಕ್ಕಿಂತ ಖಚಿತವಾದ ತಾರೀಖು ಕೊಡಲು ಬರುವುದಿಲ್ಲ.

ನಮ್ಮ ಮನೆಯಲ್ಲಿ ಎರಡು ಕ್ಯಾಲೆಂಡರುಗಳು ನಡೆಯುತ್ತವೆ. ಒಂದು ನನ್ನದು. ಜೇವರ್ಗಿಯ ಸರ್ಕಾರಿ ಕಚೇರಿಯಲ್ಲಿ ನನ್ನ ಕೆಲಸ. ಎರಡನೇ ಶನಿವಾರ ರಜೆ, 2019ರಿಂದ ನಾಲ್ಕನೇ ಶನಿವಾರವೂ ರಜೆ. ಇನ್ನೊಂದು ಹೊಲದ್ದು. ಅದರಲ್ಲಿ ಶನಿವಾರ ರವಿವಾರಗಳಿಲ್ಲ. ಮುಂಗಾರಿಗೆ ತೊಗರಿ, ಹತ್ತಿ. ದಸರೆಯ ಆಚೀಚೆ ಹಿಂಗಾರಿ ಜೋಳದ ಬಿತ್ತಿಗೆ. ದೀಪಾವಳಿ ಹೊತ್ತಿಗೆ ಹತ್ತಿ ಬಿಡಿಸುವ ಆಳುಗಳ ಹುಡುಕಾಟ. ತೊಗರಿ ಹೂವಿಗೆ ಬಂದಾಗ ಒಮ್ಮೆ, ಕಾಯಿ ಕಟ್ಟುವಾಗ ಒಮ್ಮೆ ಕಾಯಿಕೊರಕದ ಹುಳಕ್ಕೆ ಎಣ್ಣೆ ಹೊಡೆಯಬೇಕು. ನಮ್ಮ ಭಾಗದಲ್ಲಿ ಔಷಧಿಗೆ ಎಣ್ಣೆ ಅನ್ನುತ್ತೇವೆ. ಡಿಸೆಂಬರ್ ಕೊನೆಗೆ ಕೊಯ್ಲು, ಜನವರಿಯಲ್ಲಿ ರಾಶಿ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಆದರೆ ಆ ಗುರುತು ಹುಳಕ್ಕೆ ಗೊತ್ತಿಲ್ಲ ಅಂತ ಇವರು ಹೊಲದ ಬದುವಿನಲ್ಲಿ ನಿಂತು ನೋವಿನಿಂದಲೇ ಹೇಳುತ್ತಾರೆ.

ಎರಡನೇ ಸಲ ಎಣ್ಣೆ ಹೊಡೆದ ಮೇಲೆ ಕೊಯ್ಲಿನವರೆಗೆ ಎರಡು ಮೂರು ವಾರ ಕಾಳು ಬಲಿಯುವ ಸಮಯ. ಆಗ ಹೊಲಕ್ಕೆ ಬೇಕಾದದ್ದು ಕಾವಲು ಮಾತ್ರ. ಕಾವಲನ್ನು ಎರಡು ದಿನ ಭಾವ ನೋಡಿಕೊಳ್ಳಬಲ್ಲರು. ಆ ವಾರಗಳ ಒಳಗೆ ನನ್ನ ಎರಡನೇ ಶನಿವಾರ ಬಂದು ಕುಳಿತಿತ್ತು. ತುಳಸಿ ಲಗ್ನ ಮುಗಿದ ಮೇಲೆ ನಮ್ಮಲ್ಲಿ ರವಿವಾರಗಳೆಲ್ಲ ಲಗ್ನಗಳ ಪಾಲು, ಅದೊಂದು ರವಿವಾರ ಹತ್ತಿರದ ನೆಂಟರ ಪತ್ರಿಕೆ ಬಂದಿರಲಿಲ್ಲ. ನಾಲ್ಕನೇ ಶನಿವಾರಕ್ಕೆ ಹೋದರೆ ಕ್ರಿಸ್‌ಮಸ್, ಹೊಸ ವರ್ಷದ ಜನ. ರೈಲಿನಲ್ಲಿ ಜಾಗವಿಲ್ಲ, ಲಾಡ್ಜಿನವರು ಕೇಳಿದ್ದೇ ರೇಟು. ಜನವರಿಗೆ ಹೋದರೆ ನಾಂಪಲ್ಲಿಯಲ್ಲಿ ನುಮಾಯಿಷ್ ನೋಡಬಹುದಿತ್ತು. 1938ರಲ್ಲಿ ಶುರುವಾದ ಆ ದೊಡ್ಡ ಪ್ರದರ್ಶನ ಸಾಮಾನ್ಯವಾಗಿ ಜನವರಿ ಒಂದಕ್ಕೆ ತೆರೆಯುತ್ತದೆ. ಆದರೆ ರಾಶಿ ಬಿಟ್ಟು ಯಾವ ಒಕ್ಕಲಿಗನೂ ಪ್ರದರ್ಶನಕ್ಕೆ ಹೋಗುವುದಿಲ್ಲ. ಎಳ್ಳ ಅಮಾಸಿಯನ್ನಂತೂ ನಾನು ಯಾವ ಊರಿಗೋಸ್ಕರವೂ ಬಿಡುವವಳಲ್ಲ. ಒಮ್ಮೆ ಡಿಸೆಂಬರ್ ನಡುವಿಗೆ, ಒಮ್ಮೆ ಜನವರಿ ಮೊದಲ ವಾರಕ್ಕೆ ಬರುವ ಆ ದಿನ ಸಜ್ಜೆ ರೊಟ್ಟಿ, ಭಜ್ಜಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲದಿದ್ದರೆ ವರ್ಷ ಮುಗಿದಂತೆ ಅನ್ನಿಸುವುದಿಲ್ಲ. ಹೀಗೆ ಎಲ್ಲವನ್ನೂ ತೆಗೆದಿಟ್ಟ ಮೇಲೆ ಉಳಿದದ್ದು ಆ ಎರಡೇ ದಿನ.

ಊರು ಯಾವುದು ಅನ್ನುವುದಕ್ಕೆ ಇನ್ನೂ ಹತ್ತು ದಿನ ಹಿಡಿಯಿತು.

ಇವರ ಮನಸ್ಸು ವಿಜಯಪುರದ ಕಡೆ ಇತ್ತು. ಜೇವರ್ಗಿಯಿಂದ ಸಿಂದಗಿ ಮೇಲೆ ನೇರ ಹೆದ್ದಾರಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ನನ್ನ ಟಿಕೇಟು ಶೂನ್ಯ, ಇವರದ್ದಷ್ಟೇ ದುಡ್ಡು. ವಿಜಯಪುರವನ್ನು ನಾನು ಏಳನೇ ಇಯತ್ತೆಯಲ್ಲಿ ಶಾಲೆಯ ಪ್ರವಾಸದಲ್ಲಿ ನೋಡಿದ್ದೆ. ಗೋಲಗುಮ್ಮಟದಲ್ಲಿ ಮಕ್ಕಳೆಲ್ಲ ಕೂಗಿದ ಕೂಗು ಬಿಟ್ಟರೆ ಬೇರೇನೂ ನೆನಪಿಲ್ಲ. ಮತ್ತೆ ನೋಡಬೇಕಾದ ಊರು ಅನ್ನುವುದರಲ್ಲಿ ಎರಡು ಮಾತಿಲ್ಲ. ಅದರಲ್ಲೂ ಗಂಡ ಹೆಂಡತಿ ನೋಡಬೇಕಾದ ಊರು. ಎರಡನೇ ಇಬ್ರಾಹಿಂ ಆದಿಲಶಾಹನ ರಾಣಿ ತಾಜ್ ಸುಲ್ತಾನಾ ಹೆಸರಿನಲ್ಲಿ 1620ರಲ್ಲಿ ಕಟ್ಟಿದ ತಾಜ್ ಬಾವಡಿ ಅಲ್ಲಿದೆ. ಇಬ್ರಾಹಿಂ ರೋಜಾವನ್ನೂ ಮೊದಲು ಆಕೆಗೆಂದೇ ಎಬ್ಬಿಸಿದರು ಅನ್ನುತ್ತಾರೆ. 1627ರಲ್ಲಿ ಅರಸನೇ ಮೊದಲು ತೀರಿಕೊಂಡು ಅಲ್ಲಿ ಮಲಗಿದ, ಆಮೇಲೆ ಆಕೆಯೂ ಅಲ್ಲಿಗೇ ಬಂದಳು. ರಾಣಿಯ ಹೆಸರಿನಲ್ಲಿ ಗೋರಿಗಿಂತ ಮೊದಲು ನೀರಿನ ಬಾವಿ ತೋಡಿಸಿದ ಅರಸನ ಬಗ್ಗೆ ನನಗೆ ಗೌರವ ಇದೆ. ಬಿಸಿಲೂರಿನಲ್ಲಿ ಹೆಂಡತಿಯ ಹೆಸರು ಉಳಿಸಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಆದರೂ ನಾನು ಬೇಡ ಅಂದೆ. ಕಾರಣ ಇಷ್ಟೇ. ವಿಜಯಪುರಕ್ಕೆ ಮುಂಜಾನೆ ಹೋದರೆ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಬರಬಹುದಾದ ಊರಿನಿಂದ ನಾವು ಬಂದೇ ಬರುತ್ತೇವೆ. ಮಧ್ಯಾಹ್ನ ಮೂರಕ್ಕೆ ಇವರಿಗೆ ಎಮ್ಮೆ ನೆನಪಾಗುತ್ತದೆ, ನಾಲ್ಕಕ್ಕೆ ನನಗೆ ಅತ್ತೆಯ ಗುಳಿಗೆ ನೆನಪಾಗುತ್ತದೆ, ಐದಕ್ಕೆ ಬಸ್ಸಿನಲ್ಲಿ ಕುಳಿತಿರುತ್ತೇವೆ. ನನಗೆ ಬೇಕಾಗಿದ್ದು ಒಂದು ರಾತ್ರಿ. ಮರುದಿನ ಎದ್ದಾಗ ಯಾರಿಗೂ ರೊಟ್ಟಿ ಬಡಿಯುವ ಹೊತ್ತಾಗಿಲ್ಲ ಅನ್ನಿಸುವ ಒಂದು ಮುಂಜಾನೆ. ಅದನ್ನು ಇವರಿಗೆ ಬಿಡಿಸಿ ಹೇಳಿದೆ. ಇಪ್ಪತ್ತು ವರ್ಷ ಇಂಥದ್ದನ್ನು ಬಾಯಿಬಿಟ್ಟು ಹೇಳದೆ ‘ತಿಳಕೋತಾರ’ ಅಂದುಕೊಂಡೇ ಕಳೆದಿದ್ದೆ. ಹೇಳಿದ ಕೂಡಲೇ ತಿಳಿಯಿತು ಅವರಿಗೆ.

ಸೊಲ್ಲಾಪುರದ ಮಾತು ಬಂತು, ಹೋಯಿತು. ನಮ್ಮ ಪಾಲಿಗೆ ಅದು ಲಗ್ನದ ಸೀರೆ, ಹಚ್ಚಡ ಕೊಳ್ಳುವ ಪೇಟೆ. ಬೆಂಗಳೂರಿಗೆ ಹೋದರೆ ಅದು ಮಗಳನ್ನು ನೋಡಲು ಹೋದಂತೆ, ಅದಕ್ಕೆ ಬೇರೆ ರಜೆ ಇದೆ.

ಹೈದರಾಬಾದ್ ಅಂದಾಗ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಅಂದೋಲಾದವರಿಗೆ ಅದು ಹೊಸ ಊರಲ್ಲ. ನಿಜಾಮರ ಕಾಲದಲ್ಲಿ ಗುಲಬರ್ಗಾ ಜಿಲ್ಲೆಯಲ್ಲಿ ಅಂದೋಲಾ ಅನ್ನುವ ಹೆಸರಿನ ತಾಲೂಕೇ ಇತ್ತು. ಇಂದು ಅದು ಜೇವರ್ಗಿ ತಾಲೂಕಿನ ಒಂದು ಹೋಬಳಿ ಊರು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು, 1956ರ ನವೆಂಬರ್ ಒಂದಕ್ಕೆ ನಾವು ಕನ್ನಡ ನಾಡಿಗೆ ಸೇರಿದೆವು. ಅಷ್ಟರವರೆಗೆ ನಮ್ಮ ಹಿರಿಯರ ರಾಜಧಾನಿ ಹೈದರಾಬಾದೇ. ಜಮೀನಿನ ತಕರಾರು ದೊಡ್ಡದಾದರೆ ಅಲ್ಲಿಗೆ, ದೊಡ್ಡ ಓದಿಗೆ ಅಲ್ಲಿಗೆ, ಊರಿನ ವೈದ್ಯರು ಕೈಚೆಲ್ಲಿದರೆ ಅಲ್ಲಿಗೆ. ಈಗ ಹೈಕೋರ್ಟಿನ ಪೀಠ 2008ರಿಂದ ಕಲಬುರಗಿಯಲ್ಲೇ ಇದೆ, ದೊಡ್ಡ ದವಾಖಾನೆಗಳೂ ಬಂದಿವೆ. ಆದರೂ ಬಿತ್ತಿಗೆ ಮುಗಿದ ಮೇಲೆ ಜೇವರ್ಗಿ ನಿಲ್ದಾಣದಲ್ಲಿ ಗಂಟುಮೂಟೆ, ಒಲೆ, ಕಂಕುಳಲ್ಲಿ ಕೂಸು ಹೊತ್ತು ಹೈದರಾಬಾದಿಗೆ, ಪುಣೆಗೆ, ಮುಂಬೈಗೆ, ಬೆಂಗಳೂರಿಗೆ ಗುಳೆ ಹೊರಡುವವರನ್ನು ಪ್ರತಿ ವರ್ಷ ನೋಡುತ್ತೇನೆ. ಅಂದರೆ ಹೈದರಾಬಾದ್ ನಮ್ಮವರಿಗೆ ಕೆಲಸದ ಊರು, ಕಷ್ಟದ ಊರು. ಸುಮ್ಮನೆ ನೋಡಲು ಹೋದವರು ಕಡಿಮೆ.

ಅದೇ ದಾರಿಯಲ್ಲಿ ಕೈಬೀಸಿಕೊಂಡು ಹೋಗುವುದು ಸರಿಯೇ ಅಂತ ನನ್ನನ್ನು ನಾನು ಕೇಳಿಕೊಂಡೆ. ಅದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಹೊಲಕ್ಕೆ ಹತ್ತಿ ಬಿಡಿಸಲು ಬರುವ ಹೆಣ್ಣುಮಗಳಿಂದ. ಆಕೆ ಗಂಡನ ಜೊತೆ ಆರು ವರ್ಷ ಹೈದರಾಬಾದಿನಲ್ಲಿ ಕಟ್ಟಡದ ಕೆಲಸ ಮಾಡಿದವಳು. ನಾವು ಹೋಗುವ ಸುದ್ದಿ ಕೇಳಿ ಆಕೆಯ ಮುಖ ಅರಳಿತು. ಮಡಿಲಲ್ಲಿದ್ದ ಹತ್ತಿಯನ್ನು ಚೀಲಕ್ಕೆ ಸುರಿದು ಅಲ್ಲೇ ಬದುವಿನ ಮೇಲೆ ಕುಳಿತು ಹೇಳಿಕೊಡಲು ಶುರುಮಾಡಿದಳು. ಚಾರ್ಮಿನಾರಿಗೆ ಸಂಜೆ ಹೋಗಬೇಕು, ದೀಪ ಹತ್ತಿದ ಮೇಲೆ. ಲಾಡ್ ಬಜಾರಿನ ಬಳೆಗಳನ್ನು ‘ಮೊದಲನೇ ಅಂಗಡ್ಯಾಗ ತಗೋಬ್ಯಾಡ್ರಿ ಅಕ್ಕಾ, ಒಳಗ ಹೋಗ್ರಿ, ಒಳಗ ಹೋದಂಗ ರೇಟು ಇಳೀತದ.’ ಆಟೋದವರ ಜೊತೆ ಕನ್ನಡದಲ್ಲೇ ಮಾತಾಡಿದರೂ ನಡೆಯುತ್ತದೆ, ನಮ್ಮ ಕಡೆಯವರು ಬಹಳ ಜನ ಇದ್ದಾರೆ. ಮೊಅಜ್ಜಂ ಜಾಹಿ ಮಾರ್ಕೆಟ್ಟಿನಲ್ಲಿ ಸೀತಾಫಲದ ಐಸ್‌ಕ್ರೀಂ ತಿನ್ನಬೇಕು, ಪಗಾರ ಆದ ದಿನ ತಾವು ತಿನ್ನುತ್ತಿದ್ದುದು ಅದನ್ನೇ. 1935ರಲ್ಲಿ ಕಟ್ಟಿದ ಆ ಕಲ್ಲಿನ ಮಾರುಕಟ್ಟೆಯ ಬಗ್ಗೆ ನಾನು ಓದಿಕೊಂಡಿದ್ದೆ, ಆದರೆ ಅಲ್ಲಿ ಯಾವ ಮೂಲೆಯಲ್ಲಿ ಕುಳಿತರೆ ಗಾಳಿ ಬರುತ್ತದೆ ಅನ್ನುವುದು ಗೊತ್ತಿದ್ದದ್ದು ಆಕೆಗೆ. ಯಾವ ಪುಸ್ತಕಕ್ಕಿಂತಲೂ ಆಕೆಯ ಮಾತನ್ನು ನಂಬಿ ನಮ್ಮ ಶನಿವಾರದ ಸಂಜೆಯನ್ನು ಬರೆದಿಟ್ಟುಕೊಂಡಿದ್ದೇನೆ.

ಅತ್ತೆಗೆ ಹೇಳುವುದು ಬಾಕಿ ಇತ್ತು. ಹೇಳಿದಾಗ ಅವರು ಮೊದಲು ಕೇಳಿದ್ದು ಆ ಮೂರನೇ ಮಾತನ್ನೇ. ‘ಏನು ಕೆಲಸ ಅದ?’ ‘ಏನಿಲ್ರಿ ಅತ್ತಿ, ನೋಡ್ಕೊಂಡು ಬರ್ತೀವಿ’ ಅಂದೆ. ಅವರು ಸುಮ್ಮನೆ ಶೇಂಗಾ ಸುಲಿಯುತ್ತಿದ್ದರು. ಬಹಳ ಹೊತ್ತಿನ ಮೇಲೆ ತಾವೂ ಹೈದರಾಬಾದಿಗೆ ಹೋದದ್ದನ್ನು ಹೇಳಿದರು. ಮಾವನವರ ಹೊಟ್ಟೆಯ ಆಪರೇಶನ್ನಿಗೆ, ಉಸ್ಮಾನಿಯಾ ದವಾಖಾನೆಗೆ, ನಲವತ್ತು ವರ್ಷದ ಹಿಂದೆ. ಇಪ್ಪತ್ತೆರಡು ದಿನ ವಾರ್ಡಿನ ಹೊರಗಿನ ಪಡಸಾಲೆಯಲ್ಲಿ ಮಲಗಿದ್ದರು. ಮೂಸಿ ನದಿ ಕಾಣುತ್ತಿತ್ತು, ನದಿಯ ಆಚೆ ಹೈಕೋರ್ಟಿನ ಗುಮ್ಮಟಗಳು ಕಾಣುತ್ತಿದ್ದವು. ಚಾರ್ಮಿನಾರ್ ಅಲ್ಲಿಂದ ಎರಡು ಕಿಲೋಮೀಟರ್ ಕೂಡ ಇಲ್ಲ. ‘ನೋಡ್ಲಿಲ್ಲೇನ್ರಿ?’ ಅಂದೆ. ‘ಅವರು ಮಲಗಿದ್ರು, ನಾ ಹ್ಯಾಂಗ ಹೋಗ್ಲಿ’ ಅಂದರು. ಅಷ್ಟೇ. ಮತ್ತೆ ಶೇಂಗಾ ಸುಲಿಯಲು ಹತ್ತಿದರು. ರಾತ್ರಿ ಮಲಗುವಾಗ ಒಳಗಿನಿಂದಲೇ ಕೂಗಿ ಹೇಳಿದರು: ‘ಎಮ್ಮಿ ನಾ ಹಿಂಡ್ತೀನಿ. ನೀವು ಎರಡು ದಿನ ಆ ಚಿಂತಿ ಬಿಡ್ರಿ.’

ನನಗೆ ಹೈದರಾಬಾದ್ ಬೇಕಾಗಿದ್ದರ ಕಾರಣ ಬೇರೆ. ನಮ್ಮಪ್ಪ ಮಾಸ್ತರರಾಗಿದ್ದರು. ಒಮ್ಮೆ ಶಾಲೆಯ ಹುಡುಗರನ್ನು ಕರೆದುಕೊಂಡು ಹೈದರಾಬಾದಿಗೆ ಹೋಗಿ ಬಂದವರು ಸಾಲಾರ್ ಜಂಗ್ ಮ್ಯೂಸಿಯಮ್ಮಿನ ಗಡಿಯಾರದ ಕತೆಯನ್ನು ನಮಗೆ ನೂರು ಸಲ ಹೇಳಿರಬೇಕು. ಗಡಿಯಾರದೊಳಗೆ ಒಬ್ಬ ಕಮ್ಮಾರ ಕುಳಿತು ಸೆಕೆಂಡಿಗೊಮ್ಮೆ ಸುತ್ತಿಗೆ ಬಡಿಯುತ್ತಾನೆ. ಗಂಟೆಯಾಗಲು ಇನ್ನೇನು ಮೂರು ನಿಮಿಷ ಅನ್ನುವಾಗ ಗಡ್ಡದ ಪುಟ್ಟ ಮನುಷ್ಯನೊಬ್ಬ ಬಾಗಿಲು ತೆಗೆದುಕೊಂಡು ಹೊರಗೆ ಬರುತ್ತಾನೆ, ಎಷ್ಟು ಗಂಟೆಯೋ ಅಷ್ಟು ಪೆಟ್ಟು ಹೊಡೆಯುತ್ತಾನೆ, ಒಳಗೆ ಹೋಗುತ್ತಾನೆ. ಅಪ್ಪ ಹಿತ್ತಾಳೆ ಗಂಗಾಳವನ್ನು ಗೋಡೆಗೆ ಆನಿಸಿ ಚಮಚದಿಂದ ಹನ್ನೆರಡು ಪೆಟ್ಟು ಹೊಡೆದು ತೋರಿಸುತ್ತಿದ್ದರು. ಮೂರನೇ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ ಬದುಕಿಡೀ ಕೂಡಿಹಾಕಿದ ವಸ್ತುಗಳ ಮ್ಯೂಸಿಯಂ ಅದು. ಆತ 1949ರಲ್ಲಿ ತೀರಿಕೊಂಡ. 1951ರ ಡಿಸೆಂಬರಿನಲ್ಲಿ ಜವಾಹರಲಾಲ್ ನೆಹರು ಅದನ್ನು ಜನರಿಗೆ ತೆರೆದರು, 1968ರಲ್ಲಿ ಮೂಸಿ ದಂಡೆಯ ಈಗಿನ ಕಟ್ಟಡಕ್ಕೆ ಬಂತು. ಅತ್ತೆ ಇಪ್ಪತ್ತೆರಡು ದಿನ ಕುಳಿತಿದ್ದ ದವಾಖಾನೆ ನದಿಯ ಆ ದಂಡೆಗೆ, ಅಪ್ಪನ ಗಡಿಯಾರ ಈ ದಂಡೆಗೆ. ನಡುವೆ ಒಂದು ಸೇತುವೆ. 1908ರಲ್ಲಿ ಇದೇ ಮೂಸಿ ಉಕ್ಕಿ ಊರನ್ನೇ ನುಂಗಿದಾಗ ದಾರಿ ತೋರಿಸಲು ನಿಜಾಮರು ಕರೆಸಿದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಆ ಸೇತುವೆಯ ಮೇಲೆ ನಡೆದೇ ದಾಟಬೇಕು ಅಂತ ತೀರ್ಮಾನ ಮಾಡಿದ್ದೇನೆ, ಆಟೋದಲ್ಲಿ ಅಲ್ಲ.

ಗಡಿಯಾರವನ್ನು ಹನ್ನೆರಡು ಗಂಟೆಗೇ ನೋಡಬೇಕು. ಹನ್ನೆರಡು ಪೆಟ್ಟು ಕೇಳಲು ಜನ ಮುಂಚೆಯೇ ಬಂದು ಕುಳಿತುಕೊಳ್ಳುತ್ತಾರೆ. ನಮ್ಮ ಯೋಜನೆಯೆಲ್ಲ ಈ ಹನ್ನೆರಡರ ಸುತ್ತ ಕಟ್ಟಿದ್ದು. ಬಸ್ಸೋ ರೈಲೋ ಅನ್ನುವ ಮಾತು ಬಂದಾಗ ಇವರು ರೈಲು ಅಂದರು. ರಾತ್ರಿ ಮುಂಬೈ ಬಿಟ್ಟು ಬೆಳಗಿನ ಹೊತ್ತಿಗೆ ಕಲಬುರಗಿಗೆ ಬರುವ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಮಧ್ಯಾಹ್ನದ ಹೊತ್ತಿಗೆ ಹೈದರಾಬಾದಿನ ನಾಂಪಲ್ಲಿ ಸ್ಟೇಶನ್ ಮುಟ್ಟುತ್ತದೆ. ಶನಿವಾರದ ಹನ್ನೆರಡು ತಪ್ಪಿತು. ರವಿವಾರ ಅದೇ ಗಾಡಿ ಮಧ್ಯಾಹ್ನದ ಮೇಲೆ ಹೊರಡುತ್ತದೆ. ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತದೆ, ರವಿವಾರ ತೆರೆದಿರುತ್ತದೆ. ಆದ್ದರಿಂದ ರವಿವಾರ 10ಕ್ಕೆ ಒಳಗೆ, 12ಕ್ಕೆ ಗಡಿಯಾರದ ಮುಂದೆ, ಅಲ್ಲಿಂದ ಊಟ, ಸ್ಟೇಶನ್. ಗೋಲಕೊಂಡಾ ಕೈಬಿಟ್ಟೆವು. 26 ಗಂಟೆಗಳಲ್ಲಿ ಒಂದು ಊರನ್ನು ಪೂರ್ತಿ ನೋಡುತ್ತೇವೆ ಅನ್ನುವುದು ಸುಳ್ಳು. ಹುಸೇನ್ ಸಾಗರದ ಬುದ್ಧನನ್ನು ಶನಿವಾರ ರಾತ್ರಿ ದಂಡೆಯಿಂದಲೇ ನೋಡಿದರಾಯಿತು. 1990ರಲ್ಲಿ ಸಾಗಿಸುವಾಗ ಕೆರೆಗೆ ಬಿದ್ದು, ಜೀವಗಳನ್ನೂ ತೆಗೆದುಕೊಂಡು, ಎರಡು ವರ್ಷ ನೀರಿನಡಿ ಮಲಗಿ 1992ರ ಡಿಸೆಂಬರಿನಲ್ಲಿ ಎದ್ದು ನಿಂತ ಮೂರ್ತಿ ಅದು.

ರೈಲೇ ಬೇಕು ಅನ್ನಲು ಇವರಿಗಿದ್ದ ಕಾರಣ ಟಿಕೇಟು ಮಾಡಿದ ಮೇಲೆ ಗೊತ್ತಾಯಿತು. 1874ರಲ್ಲಿ ಹಾಕಿದ ವಾಡಿ–ಸಿಕಂದರಾಬಾದ್ ದಾರಿ ಅದು. ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ತಾಂಡೂರಿಗೆ ಹೋಗುತ್ತದೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಬಂದಿದೆ. ನಮ್ಮ ತೊಗರಿಗೂ ಅವರ ತೊಗರಿಗೂ ಗಿಡದಲ್ಲಿ ಏನು ಫರಕು, ಸಾಲು ಎಷ್ಟು ಅಂತರಕ್ಕೆ ಬಿಡುತ್ತಾರೆ, ಕಾಯಿ ಎಷ್ಟು ಹಿಡಿದಿದೆ, ಇದನ್ನೆಲ್ಲ ಕಿಟಕಿಯಿಂದ ನೋಡಬೇಕಂತೆ. ನಾನು ನೋಡಬೇಕಾದದ್ದೂ ಅದೇ ದಾರಿಯಲ್ಲಿದೆ. ಮಳಖೇಡ ಅಂದರೆ ಮಾನ್ಯಖೇಟ, ನೃಪತುಂಗನ ರಾಜಧಾನಿ. ಕಾಗಿಣಾ ದಂಡೆಯ ಆ ಊರಿನ ಹೆಸರು ಹೊತ್ತ ಸ್ಟೇಶನ್ನನ್ನು ದಾಟಿ ಹೋದ ಗಾಡಿ ಮುಟ್ಟುವ ಹೈದರಾಬಾದಿನ ಕಾಚಿಗುಡಾದಲ್ಲಿ ನೃಪತುಂಗನ ಹೆಸರಿನ ಕನ್ನಡ ಶಾಲೆ ಇದೆ, ಕರ್ನಾಟಕ ಸಾಹಿತ್ಯ ಮಂದಿರ ಇದೆ. ಅಲ್ಲಿಗೆ ಹೋಗಲು ಈ ಸಲ ಸಮಯ ಇಲ್ಲ. ಆ ಊರಲ್ಲಿ ಅವು ಇವೆ ಅನ್ನುವುದೇ ನನಗೆ ಧೈರ್ಯ.

ರೈಲ್ವೆಯವರು 2024ರ ನವೆಂಬರ್‌ನಿಂದ ಮುಂಗಡ ಕಾಯ್ದಿರಿಸುವ ಅವಧಿಯನ್ನು 120 ದಿನದಿಂದ 60 ದಿನಕ್ಕೆ ಇಳಿಸಿದ್ದಾರೆ. ಹಾಗಾಗಿ ಅಕ್ಟೋಬರಿನ ಒಂದು ಮುಂಜಾನೆ, ಇವರು ಜೋಳದ ಬಿತ್ತಿಗೆಗೆ ಕೂರಿಗೆ ಕಟ್ಟುತ್ತಿದ್ದ ಹೊತ್ತಿನಲ್ಲಿ, ಎಂಟು ಗಂಟೆಗೆ ಸರಿಯಾಗಿ ಮೊಬೈಲ್ ಹಿಡಿದು ಕುಳಿತೆ. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಹೊಲದ ಕಡೆ ನಡೆದಿದ್ದವರನ್ನು ಕರೆದು ‘ಆಯ್ತ್ರಿ’ ಅಂದೆ. ತಿರುಗಿ ನೋಡಿ ತಲೆಯಾಡಿಸಿ ಹೋದರು. ಇದಕ್ಕೂ ಮುಂಚೆ ಒಮ್ಮೆ ಮೈಸೂರಿಗೆ ಹೋಗುವ ಮಾತಾಡಿದ್ದೆವು, 2020ರ ದಸರೆಗೆ. ಕೊರೊನಾದ ಭಯ ಒಂದು ಕಡೆ. ಅದರ ಮೇಲೆ ಆ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಕಟ್ಟಿಸಂಗಾವಿ ಸೇತುವೆಯ ಮೇಲೆ ಓಡಾಟ ನಿಂತಿತು, ನದಿ ದಂಡೆಯ ಹೊಲಗಳು ಕೆರೆಯಾದವು. ನಮ್ಮದು ಉಳಿಯಿತು, ನೆಂಟರದ್ದು ಹೋಯಿತು. ಆ ವರ್ಷ ಪ್ರವಾಸದ ಮಾತನ್ನು ಯಾರೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಬಿಟ್ಟ ಮಾತನ್ನು ಮತ್ತೆ ಎತ್ತಲು ಐದು ವರ್ಷ, ಒಂದು ಫೋಟೋ ಬೇಕಾಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ನೆಂಟರ ವಿಷಯ. ಶುಕ್ರವಾರ ರಾತ್ರಿ ಕಲಬುರಗಿಯಲ್ಲಿ ನಾದಿನಿಯ ಮನೆ. ಅಲ್ಲಿ ಉಳಿಯದೆ ಲಾಡ್ಜಿಗೆ ಹೋದರೆ ಜೀವಮಾನದ ಸಿಟ್ಟು. ಉಳಿಯುವುದು ನನಗೂ ಸಂತೋಷವೇ. ಲಿಂಗಂಪಲ್ಲಿಯಲ್ಲಿ ನಮ್ಮ ದೊಡ್ಡಪ್ಪನ ಮಗ ಇದ್ದಾನೆ. ಹೈದರಾಬಾದಿಗೆ ಹೋಗಿ ಅಣ್ಣನ ಮನೆಗೆ ಹೋಗಲಿಲ್ಲ ಅಂದರೆ ಏನು ತಿಳಿದಾರು? ಹೋದರೆ ಊಟ, ಮಾತು, ಉಡಿ ತುಂಬುವುದು, ಹೊರಡುವಾಗ ಅಳು, ಅರ್ಧ ದಿನ ಅಲ್ಲೇ. ಹೇಳದೆ ಹೋಗಿ ಬರೋಣ ಅನ್ನುವ ಆಲೋಚನೆಯೂ ಬಂತು. ಅದು ನನಗೆ ಸೇರಲಿಲ್ಲ. ಅಣ್ಣನಿಗೆ ನಾನೇ ಫೋನ್ ಮಾಡಿದೆ. ‘ಅಣ್ಣಾ, ನಿಮ್ಮೂರಿಗೆ ಬರ್ಲಿಕತ್ತೀವಿ. ಆದ್ರ ಈ ಸಲ ಮನಿಗಿ ಬರಂಗಿಲ್ಲ. ನಾವಿಬ್ಬರೇ ಎರಡು ದಿನ ತಿರುಗಾಡ್ಬೇಕು ಅಂತ ಮಾಡೀವಿ. ಸಿಟ್ಟಾಗಬ್ಯಾಡ.’ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಣ್ಣ ಅಂದ: ‘ಬಾಳ ಛಲೋ ಮಾಡೀರಿ ತಂಗಿ. ನಾ ಹದಿನಾಲ್ಕು ವರ್ಷಾತು ಇಲ್ಲಿ ಬಂದು, ನಿಮ್ಮ ವೈನೀನ ಕರಕೊಂಡು ಇನ್ನಾ ಆ ಮ್ಯೂಸಿಯಂ ನೋಡಿಲ್ಲ.’

ಖರ್ಚು ಬರೆದಿಟ್ಟಿದ್ದೇನೆ. ಟಿಕೇಟು, ನಾಂಪಲ್ಲಿಯ ಹತ್ತಿರ ಒಂದು ರಾತ್ರಿಯ ರೂಮು, ಊಟ, ಆಟೋ, ಅತ್ತೆಗೆ ಮಗಳಿಗೆ ನಾದಿನಿಗೆ ಬಳೆ ಎಲ್ಲ ಸೇರಿ 6,000 ರೂಪಾಯಿ ಮೀರಬಾರದು. ಈ ಸೀಸನ್ನಿನಲ್ಲಿ ಎರಡು ಹತ್ತಿರದ ಲಗ್ನಗಳ ಆಹೇರಿಗೆ ಅದಕ್ಕಿಂತ ಹೆಚ್ಚು ಆಗುತ್ತದೆ, ಅದನ್ನು ಯಾರೂ ಖರ್ಚು ಅನ್ನುವುದಿಲ್ಲ. ಶನಿವಾರ ರೈಲಿಗೆ ಮಾತ್ರ ಬುತ್ತಿ: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಮೊಸರು. ಇವರು ಎರಡೂ ದಿನಕ್ಕೆ ಸಾಕಾಗುವಷ್ಟು ಕಟ್ಟು ಅಂದರು. ಆಗುವುದಿಲ್ಲ ಅಂದೆ. ಮಿಕ್ಕ ಹೊತ್ತು ಬೇರೆ ಯಾರೋ ಮಾಡಿ ಬಡಿಸಿದ್ದನ್ನು ಎದುರುಬದುರು ಕುಳಿತು ಉಣ್ಣುವುದು. ಮನೆಯಲ್ಲಿ ಅವರು ಉಂಡೆದ್ದ ಮೇಲೆ ನನ್ನ ತಾಟು. ಎದುರುಬದುರು ಕುಳಿತು ಉಂಡದ್ದು ನೆನಪಿಸಿಕೊಳ್ಳಬೇಕು.

ಸುದ್ದಿ ಊರಲ್ಲಿ ಈಗ ಎಲ್ಲರಿಗೂ ಗೊತ್ತು. ಓಣಿಯ ಇಬ್ಬರು ಹೆಂಗಸರು ಬಂದು, ಹೋಗಿ ಬಂದ ಮೇಲೆ ಎಷ್ಟು ಖರ್ಚಾಯಿತು ಹೇಳಿ, ನಾವೂ ಹೋಗ್ತೀವಿ ಅಂದಿದ್ದಾರೆ. ಅವರಿಗೆ ನಾನು ಹೇಳಿದ್ದನ್ನೇ ಇದನ್ನು ಓದುತ್ತಿರುವ ಅಕ್ಕತಂಗಿಯರಿಗೂ ಹೇಳುತ್ತೇನೆ: ಖರ್ಚಿಗಿಂತ ಮೊದಲು ದಿನ ಗೊತ್ತುಮಾಡಿರಿ, ಹೊಲದ ಕ್ಯಾಲೆಂಡರು ನೋಡಿ ಗೊತ್ತುಮಾಡಿರಿ, ಬೇಕಾದದ್ದನ್ನು ಬಾಯಿಬಿಟ್ಟು ಹೇಳಿರಿ.

ಮೊನ್ನೆ ಇವರು ಎರಡನೇ ಸಲ ಎಣ್ಣೆ ಹೊಡೆದು ಮುಗಿಸಿದರು. ಪಂಪು ತೊಳೆದು ಅಟ್ಟಕ್ಕೇರಿಸಿದ್ದಾರೆ. ಟಿಕೇಟು ಎರಡು, ಸ್ಲೀಪರ್ ಡಬ್ಬಿ, ಒಂದು ಸೀಟು ಕಿಟಕಿಯ ಪಕ್ಕ. ತಾಂಡೂರಿನವರೆಗೆ ಅದು ಇವರದು, ಅಲ್ಲಿಂದ ಮುಂದೆ ನನ್ನದು.